ಕ್ಷೇತ್ರ, ಬೇಲೆ, ಬೀಚು: ಗೋಕರ್ಣದ ಮೂರು ನಿರೂಪಣೆಗಳು

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿಗೆ ಸೇರಿದ ಗೋಕರ್ಣವು ಉತ್ತರದಲ್ಲಿ ಗಂಗಾವಳಿ, ದಕ್ಷಿಣದಲ್ಲಿ ಅಘನಾಶಿನಿ ನದಿಗಳ ನಡುವೆ ಅರಬ್ಬೀ ಸಮುದ್ರಕ್ಕೆ ಮುಖಮಾಡಿ ನಿಂತಿರುವ ಊರು. ಶೈವಕ್ಷೇತ್ರವಾಗಿ ಇದರ ಖ್ಯಾತಿ ಪ್ರಾಚೀನವಾದುದು. ಕಡಲತೀರದ ವಿಹಾರತಾಣವಾಗಿ ಇದು ಪಡೆದ ಹೆಸರಿಗೆ ಅರ್ಧ ಶತಮಾನವೂ ತುಂಬಿಲ್ಲವೆನ್ನಬಹುದು. ಈ ಎರಡು ಖ್ಯಾತಿಗಳಿಗೂ ತಮ್ಮದೇ ಆದ ಬರಹದ ಪರಂಪರೆಗಳಿವೆ. ಮೊದಲನೆಯದು ಸ್ಥಳಪುರಾಣ, ಎರಡನೆಯದು ಪ್ರವಾಸಿ ಕೈಪಿಡಿ. ಕಾಲ, ಭಾಷೆ, ಉದ್ದೇಶಗಳಲ್ಲಿ ಇವು ಒಂದಕ್ಕೊಂದು ದೂರವಾಗಿದ್ದರೂ ಒಂದು ಅಂಶದಲ್ಲಿ ಸಮಾನವಾಗಿವೆ: ಎರಡೂ ಹೊರಗಿನಿಂದ ಬರುವವನನ್ನು ಉದ್ದೇಶಿಸಿ ಮಾತನಾಡುತ್ತವೆ. ಅಲ್ಲಿಯೇ ಹುಟ್ಟಿ ಬೆಳೆದು, ಮೀನು ಹಿಡಿದು, ಉಪ್ಪು ತೆಗೆದು, ಗದ್ದೆ ಮಾಡಿ ಬದುಕುವವರು ಈ ಎರಡರಲ್ಲಿಯೂ ಹಿನ್ನೆಲೆಯ ಚಿತ್ರಗಳಾಗಿಯಷ್ಟೇ ಉಳಿಯುತ್ತಾರೆ. ಊರನ್ನು ಊರಾಗಿ ಕಂಡ ಮೂರನೆಯ ನಿರೂಪಣೆಯೊಂದು ಆಧುನಿಕ ಕನ್ನಡ ಸಾಹಿತ್ಯದಲ್ಲಿ ಸಿದ್ಧವಾಗಿದೆ. ಗೋಕರ್ಣದ ಚರಿತ್ರೆಯನ್ನೂ ಅಲ್ಲಿನ ನೋಡತಕ್ಕ ಸ್ಥಳಗಳನ್ನೂ ಈ ಮೂರು ನಿರೂಪಣೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಗೋಕರ್ಣದ ಉಲ್ಲೇಖ ಮಹಾಭಾರತದ ವನಪರ್ವದಷ್ಟು ಹಿಂದಕ್ಕೆ ಹೋಗುತ್ತದೆ. ಅಲ್ಲಿಯ ತೀರ್ಥಯಾತ್ರಾ ಭಾಗದಲ್ಲಿ ಗೋಕರ್ಣವನ್ನು ಮೂರು ಲೋಕಗಳಲ್ಲಿಯೂ ಪ್ರಸಿದ್ಧವಾದ, ಸಮುದ್ರಮಧ್ಯದಲ್ಲಿರುವ ತೀರ್ಥವೆಂದು ಹೇಳಲಾಗಿದೆ. ಮೂರು ರಾತ್ರಿ ಉಪವಾಸವಿದ್ದು ಈಶಾನನನ್ನು ಪೂಜಿಸಿದವನಿಗೆ ಒಂದು ಫಲ, ಹನ್ನೆರಡು ರಾತ್ರಿ ತಂಗಿದವನಿಗೆ ಇನ್ನೊಂದು ಫಲ. ಯಾತ್ರಿಕ ಎಷ್ಟು ದಿನ ನಿಲ್ಲಬೇಕು, ನಿಂತರೆ ಏನು ದೊರೆಯುತ್ತದೆ ಎಂಬುದನ್ನು ಲೆಕ್ಕವಿಟ್ಟು ಹೇಳುವ ಈ ಕ್ರಮ ಗಮನಾರ್ಹವಾದುದು. ಎರಡು ದಿನದಲ್ಲಿ ಏನೇನು ನೋಡಬಹುದು, ನಾಲ್ಕು ದಿನವಿದ್ದರೆ ಏನೇನು ಎಂದು ಪಟ್ಟಿಮಾಡುವ ಇಂದಿನ ಕೈಪಿಡಿಗೂ ಈ ರಚನೆಗೂ ಇರುವ ಹೋಲಿಕೆ ತೀರಾ ಆಕಸ್ಮಿಕವಲ್ಲ. ತೀರ್ಥಯಾತ್ರೆಯ ಸಾಹಿತ್ಯವೆಂಬುದು ಮೂಲತಃ ದಾರಿ, ದಿನ, ಫಲಗಳ ಸಾಹಿತ್ಯ.

ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದನು ವೀಣೆ ಹಿಡಿದು ಆಕಾಶಮಾರ್ಗದಲ್ಲಿ ಹೊರಟಿರುವುದು ದಕ್ಷಿಣಸಮುದ್ರದ ದಂಡೆಯ ಗೋಕರ್ಣದಲ್ಲಿ ನೆಲೆಸಿದ ಈಶ್ವರನ ಸೇವೆಗೆ. ಆ ವೀಣೆಯಿಂದ ಜಾರಿದ ಹೂಮಾಲೆಯೇ ಇಂದುಮತಿಯ ಸಾವಿಗೆ ಕಾರಣವಾಗುತ್ತದೆ. ಇಲ್ಲಿ ‘ದಕ್ಷಿಣಸಮುದ್ರ’ ಎಂಬ ಮಾತು ಒಂದು ಪ್ರಶ್ನೆಯನ್ನು ಎಬ್ಬಿಸುತ್ತದೆ. ಇಂದಿನ ಗೋಕರ್ಣ ಇರುವುದು ಪಶ್ಚಿಮಸಮುದ್ರದ ದಂಡೆಯಲ್ಲಿ. ಗೋಕರ್ಣವೆಂಬ ಹೆಸರಾದರೂ ಒಂದೇ ಊರಿನ ಸ್ವತ್ತಲ್ಲ. ಶ್ರೀಲಂಕೆಯ ತ್ರಿಂಕೋಮಲಿಗೆ ಪಾಲಿ ಗ್ರಂಥಗಳಲ್ಲಿ ಗೋಕಣ್ಣವೆಂಬ ಹೆಸರಿದೆ. ಕಳಿಂಗದ ಪೂರ್ವಗಂಗರ ಶಾಸನಗಳಲ್ಲಿ ಮಹೇಂದ್ರಪರ್ವತದ ಗೋಕರ್ಣಸ್ವಾಮಿ ಕುಲದೈವವಾಗಿದ್ದಾನೆ. ನೇಪಾಳದಲ್ಲಿಯೂ ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿಯೂ ಗೋಕರ್ಣಗಳಿವೆ. ವಿಂಧ್ಯದ ಉತ್ತರದಿಂದ ನೋಡುವ ಕವಿಗೆ ಪಶ್ಚಿಮ ಕರಾವಳಿಯ ಕೆಳಭಾಗವೂ ದಕ್ಷಿಣವೇ ಆಗಿರುವುದರಿಂದ ಕಾಳಿದಾಸನ ಗೋಕರ್ಣವನ್ನು ಇದೇ ಕ್ಷೇತ್ರವೆಂದು ಗ್ರಹಿಸುವುದು ರೂಢಿ. ಆದರೆ ಪ್ರಾಚೀನ ಗ್ರಂಥಗಳಲ್ಲಿ ಗೋಕರ್ಣವೆಂಬ ಪದ ಕಂಡಲ್ಲೆಲ್ಲ ಕುಮಟಾ ತಾಲೂಕಿನ ಊರನ್ನೇ ಕಾಣುವ ಉತ್ಸಾಹ ಕನ್ನಡದ ಸ್ಥಳಚರಿತ್ರೆಗಳಲ್ಲಿ ಹೆಚ್ಚಾಗಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ನಿಸ್ಸಂದಿಗ್ಧವಾಗಿ ಈ ಕರಾವಳಿಗೆ ಸಲ್ಲುವ ಸಾಕ್ಷ್ಯಗಳೇನೂ ಕಡಿಮೆಯಿಲ್ಲ. ಏಳನೆಯ ಶತಮಾನದ ತಮಿಳು ಶೈವಕವಿಗಳಾದ ಅಪ್ಪರ್ ಮತ್ತು ಸಂಬಂಧರ್ ತಮ್ಮ ತೇವಾರಗಳಲ್ಲಿ ಹಾಡಿದ ಕ್ಷೇತ್ರಗಳಲ್ಲಿ ಗೋಕರ್ಣವೂ ಸೇರಿದೆ. ತಮಿಳು ಪರಂಪರೆ ಇದನ್ನು ತುಳುನಾಡಿನ ಕ್ಷೇತ್ರವೆಂದು ಎಣಿಸುತ್ತದೆ. ಆ ಎಣಿಕೆಯಲ್ಲಿ ಈ ನಾಡಿನಿಂದ ಸೇರಿದ ಸ್ಥಳ ಇದೊಂದೇ. ಪರಶುರಾಮನು ಸಮುದ್ರದಿಂದ ಪಡೆದ ನೆಲವು ಗೋಕರ್ಣದಿಂದ ಕನ್ಯಾಕುಮಾರಿಯವರೆಗೆ ಹಬ್ಬಿದೆ ಎಂದು ಕೇರಳದ ಐತಿಹ್ಯಗಳು ಹೇಳುತ್ತವೆ. ಮರಾಠಿಯ ಗುರುಚರಿತ್ರೆಯಲ್ಲಿ ಗೋಕರ್ಣದ ಮಹಿಮೆಗೆ ಪ್ರತ್ಯೇಕ ಅಧ್ಯಾಯಗಳೇ ಮೀಸಲಾಗಿವೆ. ಶ್ರೀಪಾದ ಶ್ರೀವಲ್ಲಭರು ಮೂರು ವರ್ಷ ಇಲ್ಲಿ ತಂಗಿದ್ದರೆಂದು ಆ ಗ್ರಂಥ ಹೇಳುತ್ತದೆ. ಹೀಗೆ ತಮಿಳರಿಗೆ ತುಳುನಾಡಿನ ಕ್ಷೇತ್ರ, ಮಲಯಾಳಿಗಳಿಗೆ ನಾಡಿನ ಉತ್ತರದ ಎಲ್ಲೆ, ಮರಾಠಿಗರಿಗೆ ದಕ್ಷಿಣದ ಯಾತ್ರಾಸ್ಥಳ. ಗೋಕರ್ಣ ಯಾವ ಕಾಲದಲ್ಲಿಯೂ ಒಂದು ಭಾಷೆಯ ಕ್ಷೇತ್ರವಾಗಿರಲಿಲ್ಲ.

2

ಸ್ಥಳಪುರಾಣದ ಕಥೆ ಕನ್ನಡಿಗರಿಗೆ ಚಿರಪರಿಚಿತ. ರಾವಣನು ಕೈಲಾಸದಿಂದ ಆತ್ಮಲಿಂಗವನ್ನು ಪಡೆದು ಲಂಕೆಗೆ ಮರಳುವಾಗ ಸಂಧ್ಯಾವಂದನೆಯ ಹೊತ್ತಾಗುತ್ತದೆ. ವಟುವಿನ ರೂಪದ ಗಣಪತಿ ಲಿಂಗವನ್ನು ನೆಲಕ್ಕಿಟ್ಟುಬಿಡುತ್ತಾನೆ. ರಾವಣನು ಎಷ್ಟು ಬಲ ಹಾಕಿದರೂ ಅದು ಮೇಲೇಳುವುದಿಲ್ಲ. ಆದುದರಿಂದ ದೇವರು ಮಹಾಬಲೇಶ್ವರ. ಎಳೆದ ರಭಸಕ್ಕೆ ಗೋವಿನ ಕಿವಿಯಂತೆ ತಿರುಚಿದ್ದರಿಂದ ಗೋಕರ್ಣವೆಂಬುದು ಒಂದು ವಿವರಣೆ. ಭೂಮಿಯೆಂಬ ಗೋವಿನ ಕಿವಿಯಿಂದ ಶಿವ ಹೊರಬಂದನೆಂಬುದು ಇನ್ನೊಂದು. 1958ರಲ್ಲಿ ತೆರೆಕಂಡ, ರಾಜಕುಮಾರ್ ರಾವಣನ ಪಾತ್ರ ವಹಿಸಿದ ‘ಭೂಕೈಲಾಸ’ ಚಲನಚಿತ್ರದ ಮೂಲಕ ಈ ಕಥೆ ಕರಾವಳಿಯನ್ನು ಕಾಣದ ಕನ್ನಡಿಗರ ಮನೆಮನೆಗೂ ತಲುಪಿತು.

ಕಥೆಯ ಉತ್ತರಭಾಗ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕೋಪಗೊಂಡ ರಾವಣನು ಲಿಂಗದ ಸಂಪುಟವನ್ನೂ ಮುಚ್ಚಳವನ್ನೂ ದಾರವನ್ನೂ ವಸ್ತ್ರವನ್ನೂ ಕಿತ್ತೆಸೆಯುತ್ತಾನೆ. ಅವು ಬಿದ್ದ ಸ್ಥಳಗಳು ಕ್ರಮವಾಗಿ ಸಜ್ಜೇಶ್ವರ, ಗುಣವಂತೇಶ್ವರ, ಧಾರೇಶ್ವರ ಮತ್ತು ಮುರುಡೇಶ್ವರ. ಕಾರವಾರದಿಂದ ಭಟ್ಕಳದವರೆಗೆ ಹಬ್ಬಿದ ಇಡೀ ಕರಾವಳಿಯನ್ನು ಈ ಐದು ಹೆಸರುಗಳು ಒಂದು ಸೂತ್ರದಲ್ಲಿ ಕಟ್ಟುತ್ತವೆ. ಕಡಲಿಗೆ ಇಳಿಯುವ ನದಿಗಳು ಈ ನೆಲವನ್ನು ತುಂಡುತುಂಡಾಗಿಸಿವೆ. ಸೇತುವೆಗಳಿಲ್ಲದ ಕಾಲದಲ್ಲಿ ಒಂದು ತಾಲೂಕಿನಿಂದ ಇನ್ನೊಂದಕ್ಕೆ ಹೋಗಲು ತಾರಿದೋಣಿ ಹಿಡಿಯಬೇಕಿತ್ತು. ಅಂತಹ ನೆಲಕ್ಕೆ ಒಂದು ಅಖಂಡ ನಕ್ಷೆಯನ್ನು ಕೊಟ್ಟದ್ದು ಆಡಳಿತಕ್ಕಿಂತ ಮೊದಲು ಪುರಾಣ. ಇಂದು ‘ಪಂಚಕ್ಷೇತ್ರ ದರ್ಶನ’ದ ಹೆಸರಿನಲ್ಲಿ ಒಂದೇ ದಿನದಲ್ಲಿ ವಾಹನದಲ್ಲಿ ಸುತ್ತಿಬರುವವರು ಅನುಸರಿಸುವುದು ಇದೇ ನಕ್ಷೆಯನ್ನು.

ಈ ಐದರಲ್ಲಿ ಎರಡು ಕ್ಷೇತ್ರಗಳು ಇಂದು ಪರಸ್ಪರ ವಿರುದ್ಧವಾದ ಎರಡು ಬಗೆಯ ದರ್ಶನವನ್ನು ನೀಡುತ್ತಿರುವುದು ಕುತೂಹಲಕರ. ಗೋಕರ್ಣದಲ್ಲಿ ಲಿಂಗ ಕಣ್ಣಿಗೆ ಕಾಣುವುದಿಲ್ಲ. ಪೀಠದ ನಡುವಿನ ರಂಧ್ರದಲ್ಲಿ ಬೆರಳಿಟ್ಟು ಭಕ್ತನು ಅದರ ನೆತ್ತಿಯನ್ನು ಮುಟ್ಟಿ ಅರಿಯಬೇಕು. ಸುಮಾರು ನಲವತ್ತು ವರ್ಷಗಳಿಗೊಮ್ಮೆ ನಡೆಯುವ ಅಷ್ಟಬಂಧದ ಸಂದರ್ಭದಲ್ಲಿ ಮಾತ್ರ ಅದು ಹೆಚ್ಚಾಗಿ ಗೋಚರಿಸುತ್ತದೆ. ಮುರುಡೇಶ್ವರದಲ್ಲಿ ಇತ್ತೀಚಿನ ದಶಕಗಳಲ್ಲಿ ನಿರ್ಮಾಣವಾದ 123 ಅಡಿ ಎತ್ತರದ ಶಿವನ ಮೂರ್ತಿ ಮತ್ತು 20 ಅಂತಸ್ತಿನ ರಾಜಗೋಪುರಗಳು ಹೆದ್ದಾರಿಯ ಕಡೆಯಿಂದಲೇ ಕಾಣುವಂಥವು, ಛಾಯಾಚಿತ್ರಕ್ಕೆಂದೇ ನಿಂತಂತಿರುವಂಥವು. ಸ್ಪರ್ಶದ ದೇವರು ನೋಟದ ದೇವರಾಗುವ ಈ ಬದಲಾವಣೆ ಯಾತ್ರೆಯು ಪ್ರವಾಸವಾಗುವ ಬದಲಾವಣೆಯ ಒಳಗಿನದೇ.

ಗೋಕರ್ಣದ ಯಾತ್ರಾಕ್ರಮಕ್ಕೆ ನಿಶ್ಚಿತವಾದ ಅನುಕ್ರಮವಿದೆ. ಸಮುದ್ರಸ್ನಾನ, ಕೋಟಿತೀರ್ಥದ ಸ್ನಾನ, ಮಹಾಗಣಪತಿಯ ದರ್ಶನ, ಅನಂತರ ಮಹಾಬಲೇಶ್ವರ. ಗಣಪತಿಯು ಇಲ್ಲಿ ನಿಂತ ಭಂಗಿಯ ದ್ವಿಭುಜಮೂರ್ತಿ. ಹೊನ್ನಾವರ ತಾಲೂಕಿನ ಇಡಗುಂಜಿಯ ಮೂರ್ತಿಯೂ ಇದೇ ಬಗೆಯದು. ತಲೆಯ ಮೇಲಿನ ತಗ್ಗನ್ನು ರಾವಣನ ಪೆಟ್ಟಿನ ಗುರುತೆಂದು ತೋರಿಸುತ್ತಾರೆ. ತಾಮ್ರಗೌರಿ, ಭದ್ರಕಾಳಿ, ವೆಂಕಟರಮಣ ಮೊದಲಾದ ಗುಡಿಗಳು ಈ ಕ್ರಮದ ಸುತ್ತ ಹರಡಿವೆ. ಯಾತ್ರಿಕರು ಉಳಿದುಕೊಳ್ಳುತ್ತಿದ್ದುದು ಉಪಾಧಿವಂತರೆಂದು ಕರೆಯಲ್ಪಡುವ ಪುರೋಹಿತರ ಮನೆಗಳಲ್ಲಿ. ಸ್ನಾನ, ಪಿತೃಕಾರ್ಯ, ಊಟ, ವಸತಿ ಎಲ್ಲವೂ ಒಂದೇ ಮನೆಯ ಆಶ್ರಯದಲ್ಲಿ ನಡೆಯುತ್ತಿದ್ದ ಈ ವ್ಯವಸ್ಥೆಯಲ್ಲಿ ಅತಿಥಿ ಮತ್ತು ಆತಿಥೇಯರ ಸಂಬಂಧ ತಲೆಮಾರುಗಳವರೆಗೆ ಮುಂದುವರಿಯುತ್ತಿತ್ತು. ಈಗಿನ ‘ಹೋಮ್ ಸ್ಟೇ’ ಎಂಬುದರ ಹಿಂದೆ ಈ ಹಳೆಯ ರೂಢಿ ಇದೆಯೆಂಬುದನ್ನು ಪ್ರವಾಸೋದ್ಯಮದ ಬರಹಗಳು ಗುರುತಿಸುವುದಿಲ್ಲ. (ದೇವಾಲಯದ ಆಡಳಿತದ ಪ್ರಶ್ನೆ ಪ್ರಸ್ತುತ ಲೇಖನದ ವ್ಯಾಪ್ತಿಗೆ ಹೊರಗಿನದು. 2008ರಲ್ಲಿ ರಾಜ್ಯ ಸರ್ಕಾರ ಅದನ್ನು ರಾಮಚಂದ್ರಾಪುರ ಮಠಕ್ಕೆ ಹಸ್ತಾಂತರಿಸಿದ ಆದೇಶವನ್ನು 2018ರಲ್ಲಿ ಉಚ್ಚ ನ್ಯಾಯಾಲಯ ರದ್ದುಗೊಳಿಸಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ನೇತೃತ್ವದ ಸಮಿತಿಗೆ ಅದನ್ನು ಮಧ್ಯಂತರವಾಗಿ ವಹಿಸಿತು ಎಂದಷ್ಟೇ ಇಲ್ಲಿ ಸೂಚಿಸಬಹುದು.)

ರಾಜಕೀಯ ಚರಿತ್ರೆಯಲ್ಲಿ ಗೋಕರ್ಣ ರಾಜಧಾನಿಯಾಗಿ ಎಂದೂ ಕಾಣಿಸಿಕೊಂಡಿಲ್ಲ. ಕೆಳದಿಯ ಅರಸರ ಆಳ್ವಿಕೆಯಲ್ಲಿ ಇದಕ್ಕೆ ಆಶ್ರಯ ದೊರೆಯಿತು. 1665ರಲ್ಲಿ ಬಸರೂರಿನ ಮೇಲೆ ನೌಕಾದಾಳಿ ನಡೆಸಿ ಮರಳುವಾಗ ಶಿವಾಜಿಯು ಗೋಕರ್ಣದಲ್ಲಿ ಸ್ನಾನ ಮಾಡಿ ಮುಂದೆ ಸಾಗಿದುದನ್ನು ಇತಿಹಾಸಕಾರರು ಗುರುತಿಸಿದ್ದಾರೆ. 1763ರಲ್ಲಿ ಬಿದನೂರು ಹೈದರನ ವಶವಾಯಿತು. 1799ರ ನಂತರ ಈ ಪ್ರದೇಶ ಬ್ರಿಟಿಷರಿಗೆ ಸೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಕೊಡಲಾಯಿತು. ಈ ಕೊನೆಯ ಘಟನೆಯ ಸಾಂಸ್ಕೃತಿಕ ಪರಿಣಾಮ ದೊಡ್ಡದು. ಓದಿಗೂ ನೌಕರಿಗೂ ಈ ಕರಾವಳಿಯ ತರುಣರು ಮುಂಬಯಿಯತ್ತ ಮುಖಮಾಡಿದುದರ ಫಲವನ್ನು ಕನ್ನಡ ಕಥಾಸಾಹಿತ್ಯ ಮುಂದೆ ಪಡೆಯಿತು.

3

ಯಾತ್ರಿಕನಲ್ಲದ ನೋಡುಗ ಗೋಕರ್ಣಕ್ಕೆ ಬಂದುದು ಹದಿನೇಳನೆಯ ಶತಮಾನದಲ್ಲಿ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರಾಯರ್ 1670ರ ದಶಕದಲ್ಲಿ ಕಾರವಾರದ ಕಡೆಯಿಂದ ಇಲ್ಲಿಗೆ ಬಂದು ಕಂಡುದನ್ನು 1698ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ದಾಖಲಿಸಿದ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಕಂಪನಿ ಸರ್ಕಾರದ ಆದೇಶದಂತೆ ಹೊಸದಾಗಿ ಕೈವಶವಾದ ನಾಡನ್ನು ಸಮೀಕ್ಷಿಸುತ್ತ ಗೋಕರ್ಣವನ್ನೂ ಹಾದುಹೋದ. 1883ರಲ್ಲಿ ಜೇಮ್ಸ್ ಕ್ಯಾಂಬೆಲ್ ಸಂಪಾದಕತ್ವದಲ್ಲಿ ಹೊರಬಂದ ಮುಂಬಯಿ ಗ್ಯಾಸೆಟಿಯರಿನ ಕೆನರಾ ಸಂಪುಟ ಊರನ್ನು ಅಕಾರಾದಿ ಕ್ರಮದ ಒಂದು ನಮೂದಾಗಿಸಿತು. ಫಲಶ್ರುತಿಯ ಜಾಗದಲ್ಲಿ ಅಂಕಿಅಂಶ ಬಂದಿತು. ಆದರೂ ಗ್ಯಾಸೆಟಿಯರು ಸ್ಥಳಪುರಾಣವನ್ನು ಕೈಬಿಡಲಿಲ್ಲ; ಅದನ್ನು ‘ದಂತಕಥೆ’ ಎಂದು ಹೆಸರಿಸಿ ಒಳಗಿಟ್ಟುಕೊಂಡಿತು. ಇಂದಿನ ಕೈಪಿಡಿಗಳಲ್ಲಿ ಕಾಣುವ ಎರಡು ಸಾಲಿನ ರಾವಣನ ಕಥೆ, ಅನಂತರ ದೂರ, ಸಾರಿಗೆ, ವಸತಿಯ ವಿವರ ಎಂಬ ವಿನ್ಯಾಸದ ಮೂಲ ಇಲ್ಲಿದೆ.

ವಿಹಾರತಾಣವಾಗಿ ಗೋಕರ್ಣದ ಬೆಳವಣಿಗೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳದು. ಗೋವಾದ ಕಡಲತೀರಗಳ ಜನಸಂದಣಿಯಿಂದ ದೂರ ಸರಿಯಬಯಸಿದ ವಿದೇಶೀಯರು ದಕ್ಷಿಣಕ್ಕೆ ಇಳಿದು ಇಲ್ಲಿಯ ಗುಡ್ಡಗಳ ಮರೆಯ ಮರಳುದಂಡೆಗಳನ್ನು ಕಂಡುಕೊಂಡರು. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ಬಳಕೆಗೆ ತೆರೆದುಕೊಂಡಾಗ ಊರಿನಿಂದ ಸುಮಾರು 10 ಕಿ.ಮೀ. ದೂರದಲ್ಲಿ ಗೋಕರ್ಣ ರೋಡ್ ನಿಲ್ದಾಣ ದೊರೆಯಿತು. ಬೆಂಗಳೂರಿನಂತಹ ನಗರಗಳ ತರುಣರು ವಾರಾಂತ್ಯಕ್ಕೆ ಬರತೊಡಗಿದುದು ಅದರ ನಂತರದ ಬೆಳವಣಿಗೆ. ಇಂದು ಪ್ರವಾಸಿಗರಲ್ಲಿ ಅವರ ಸಂಖ್ಯೆಯೇ ಎದ್ದುಕಾಣುತ್ತದೆ.

ನೋಡತಕ್ಕ ತೀರಗಳ ಕ್ರಮ ಹೀಗಿದೆ. ದೇವಾಲಯದ ಎದುರಿನ ಗೋಕರ್ಣದ ಮುಖ್ಯ ಕಡಲದಂಡೆ, ಅದರ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಮತ್ತೊಂದು ಗುಡ್ಡದಾಚೆ ಎರಡು ಅರ್ಧವೃತ್ತಗಳು ಕೂಡಿ ಓಂಕಾರದ ಆಕಾರ ತಳೆದಿರುವ ಓಂ ಬೀಚ್, ಮುಂದೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಗುಡ್ಡದ ಅಂಚಿನ ಕಾಲುದಾರಿಯಲ್ಲಿ ಇವನ್ನೆಲ್ಲ ನಡೆದೇ ಮುಟ್ಟಬಹುದು. ಒಂದು ಕಡೆ ಕೆಂಪು ಮುರಕಲ್ಲಿನ ಇಳಿಜಾರು, ಇನ್ನೊಂದು ಕಡೆ ಕೆಳಗೆ ಬಂಡೆಗೆ ಬಡಿಯುವ ಕಡಲು. ಈ ನಡಿಗೆಯೇ ಇಂದು ಗೋಕರ್ಣದ ಬಹುದೊಡ್ಡ ಆಕರ್ಷಣೆ ಎಂದರೆ ಅತಿಶಯೋಕ್ತಿಯಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದಲ್ಲಿ ಸಮುದ್ರ ಒರಟಾಗುತ್ತದೆ. ಉಳಿದ ಋತುಗಳಲ್ಲಿಯೂ ಬಂಡೆಗಳ ನಡುವಿನ ಸೆಳೆತ ಅಪಾಯಕಾರಿ. ಅದನ್ನರಿಯದೆ ನೀರಿಗಿಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಕಡಲನ್ನು ಕಸುಬಾಗಿ ಬಲ್ಲವರ ತಿಳಿವು ಕೈಪಿಡಿಗಳಿಗೆ ಇಳಿದುಬಂದಿಲ್ಲದಿರುವುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ಬೇಕಿಲ್ಲ.

ಈ ಪಟ್ಟಿಯ ಹೆಸರುಗಳನ್ನು ಭಾಷೆಯ ವಿದ್ಯಾರ್ಥಿ ಸುಮ್ಮನೆ ದಾಟಿಹೋಗುವಂತಿಲ್ಲ. ಕುಡ್ಲೆಯೊಂದನ್ನು ಬಿಟ್ಟರೆ ಉಳಿದ ಮೂರೂ ನೋಡುಗ ಕೊಟ್ಟ ಹೆಸರುಗಳು. ಓಂಕಾರವಾಗಲಿ ಅರ್ಧಚಂದ್ರವಾಗಲಿ ಕಾಣುವುದು ಎತ್ತರದಲ್ಲಿ ನಿಂತು ನೋಡಿದವನಿಗೆ; ದಂಡೆಯಲ್ಲಿ ಬಲೆ ಎಳೆಯುವವನಿಗಲ್ಲ. ಊರಿನವರು ನೆಲಕ್ಕೆ ಹೆಸರಿಡುವ ಬಗೆ ಬೇರೆ. ಉತ್ತರ ಕನ್ನಡದ ಕರಾವಳಿಯ ಕನ್ನಡದಲ್ಲಿ ಕಡಲಂಚಿನ ಮರಳುಪಟ್ಟಿಗೆ ‘ಬೇಲೆ’ ಎಂಬ ಶಬ್ದವಿದೆ. ದಡ ಎಂಬರ್ಥದ ಸಂಸ್ಕೃತದ ‘ವೇಲಾ’ ಶಬ್ದದ ತದ್ಭವವೆಂದು ಅದನ್ನು ವಿವರಿಸಬಹುದು. ಅಂಕೋಲಾ ತಾಲೂಕಿನ ಬೇಲೆಕೇರಿ, ಗೋಕರ್ಣದ ಸಮೀಪದ ಬೇಲೆಕಾನ ಮೊದಲಾದ ಸ್ಥಳನಾಮಗಳಲ್ಲಿ ಇದೇ ಶಬ್ದ ಉಳಿದಿರುವಂತಿದೆ. ಬೇಲೆಯೆಂದರೆ ಕೇವಲ ನೋಟವಲ್ಲ: ದೋಣಿ ಎಳೆದಿಡುವ, ಬಲೆ ಒಣಗಿಸುವ, ಮೀನು ಹರವುವ, ಸಂಜೆ ಮಾತಿಗೆ ಕೂಡುವ ಜಾಗ. ‘ಬೀಚು’ ಎಂಬ ಎರವಲು ಶಬ್ದ ಬೇಲೆಯ ಅನುವಾದವಲ್ಲ. ಅದು ಬೇರೊಂದು ಬಳಕೆಯ ಹೆಸರು. ಒಂದೇ ಮರಳಿನ ಮೇಲೆ ಎರಡು ಶಬ್ದಗಳು ಎರಡು ಹಕ್ಕುಗಳನ್ನು ಸ್ಥಾಪಿಸುತ್ತವೆ.

ಎರಡು ಬಗೆಯ ಸಂದರ್ಶಕರೂ ಎದುರುಬದುರಾಗುವುದು ರಥಬೀದಿಯಲ್ಲಿ. ಶಿವರಾತ್ರಿಯ ಉತ್ಸವದಲ್ಲಿ ಮಹಾರಥ ಎಳೆಯುವ ಈ ಬೀದಿಯಲ್ಲಿ ಪೂಜಾಸಾಮಗ್ರಿಯ ಅಂಗಡಿಗೆ ತಾಗಿಕೊಂಡೇ ವಿದೇಶೀಯರ ಅಭಿರುಚಿಯ ಬಟ್ಟೆ, ಮಣಿ, ಸಂಗೀತವಾದ್ಯಗಳ ಅಂಗಡಿಗಳಿವೆ. ಪಿತೃಕಾರ್ಯಕ್ಕೆ ಬಂದವರ ಬೋಳುತಲೆಗಳ ನಡುವೆ ಜಟೆ ಬಿಟ್ಟ ಯೂರೋಪಿಯನ್ನರು ಸಾಗುತ್ತಾರೆ. ಅದೇ ಬೀದಿಯ ಬದಿಯಲ್ಲಿ ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಿಗರ ಹೆಂಗಸರು ಹೂವು, ಸೊಪ್ಪು, ಬದನೆ, ಮೆಣಸು ಹರವಿ ಕೂತಿರುತ್ತಾರೆ. ಯಾತ್ರಿಕನಿಗೆ ಅವರು ಹೂವು ಮಾರುವವರು, ಪ್ರವಾಸಿಗೆ ಛಾಯಾಚಿತ್ರದ ವಸ್ತು. ಡಾ. ಎಲ್.ಆರ್. ಹೆಗಡೆಯವರಂತಹ ಸಂಗ್ರಾಹಕರು ಈ ಜಿಲ್ಲೆಯ ಜನಪದ ಹಾಡು, ಕಥೆಗಳನ್ನು ದಾಖಲಿಸಿದ ಮೇಲೆ, ಅಂಕೋಲಾ ಕಡೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಸಂದ ಮೇಲೆ ವಿದ್ವತ್ತಿನ ವಲಯದಲ್ಲಿ ಈ ಸಮುದಾಯಕ್ಕೆ ಹೆಸರು ಬಂದಿದೆ. ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಗೋಕರ್ಣದ ಕೈಪಿಡಿಗಳಲ್ಲಿ ಹಾಲಕ್ಕಿಗಳು ಇನ್ನೂ ‘ವರ್ಣರಂಜಿತ ಸ್ಥಳೀಯರು’ ಆಗಿಯೇ ಉಳಿದಿದ್ದಾರೆ.

4

ಸ್ಥಳಪುರಾಣವೂ ಕೈಪಿಡಿಯೂ ಬಿಟ್ಟುಕೊಟ್ಟ ಗೋಕರ್ಣ ಯಾವುದು? ಊರಿನ ಪೂರ್ವಕ್ಕೂ ದಕ್ಷಿಣಕ್ಕೂ ಹಬ್ಬಿರುವ ಹಿನ್ನೀರಿನ ಬದುಕು ಅದು.

ಗೋಕರ್ಣಕ್ಕೆ ಬರುವ ದಾರಿಯಲ್ಲಿಯೇ ಸಾಣಿಕಟ್ಟೆಯ ಉಪ್ಪಿನ ಆಗರಗಳು ಎದುರಾಗುತ್ತವೆ. ಭರತದ ನೀರನ್ನು ತೂಬಿನ ಮೂಲಕ ಒಳಬಿಟ್ಟು, ಚೌಕಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಇಂಗಿಸಿ ತೆಗೆಯುವ ಈ ಉಪ್ಪು ನಸುಗಂದು ಬಣ್ಣದ್ದು. ಕರಾವಳಿ ಮತ್ತು ಮಲೆನಾಡಿನ ಅಡುಗೆಮನೆಗಳಲ್ಲಿ, ಅದರಲ್ಲಿಯೂ ಉಪ್ಪಿನಕಾಯಿಯ ಮಾವಿನಮಿಡಿಗೆ, ಇದಕ್ಕೆ ಬೇರೆಯೇ ಮನ್ನಣೆಯಿದೆ. ಆಗರಗಳು ಮಾಲೀಕರ ಸಹಕಾರಿ ಸಂಘದ ಆಶ್ರಯದಲ್ಲಿ ನಡೆದುಬಂದಿವೆ. 1930ರ ಏಪ್ರಿಲಿನಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹವನ್ನು ಕರ್ನಾಟಕದ ಸ್ವಾತಂತ್ರ್ಯಚಳವಳಿಯ ಚರಿತ್ರೆ ಹೆಮ್ಮೆಯಿಂದ ನೆನೆಯುತ್ತದೆ. ಆದರೆ ಉಪ್ಪು ತೆಗೆಯುವವರ ದಿನನಿತ್ಯದ ದುಡಿಮೆ ಯಾವ ಕಾಲದಲ್ಲಿಯೂ ಚರಿತ್ರೆಯ ವಸ್ತುವಾಗಲಿಲ್ಲ. ಬಿಳಿಯ ರಾಶಿಗಳ ಸಾಲು ಪ್ರವಾಸಿಯ ಕಿಟಕಿಯ ಹೊರಗೆ ಸರಿದುಹೋಗುತ್ತದೆ.

ಉಪ್ಪಿನ ಆಗರದ ಆಚೆ ಗಜನಿ ಭೂಮಿ. ಅಘನಾಶಿನಿಯ ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ಕೂಡುವ ಈ ತಗ್ಗುಗದ್ದೆಗಳಲ್ಲಿ ‘ಕಗ್ಗ’ವೆಂಬ ಭತ್ತದ ತಳಿಯನ್ನು ಬೆಳೆಯುತ್ತಾರೆ, ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವುದು ಅದರ ಗುಣ. ಒಂದು ಋತುವಿನಲ್ಲಿ ಭತ್ತ, ಇನ್ನೊಂದರಲ್ಲಿ ಸಿಗಡಿ ಮತ್ತು ಮೀನು ಎಂಬ ಸರದಿ ಇಲ್ಲಿಯ ಬೇಸಾಯದ ವಿಶೇಷ. ನದಿಮುಖದ ಕೆಸರಿನಲ್ಲಿ ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಇಳಿದು ಬಳಚು ಆರಿಸುತ್ತಾರೆ. ಅಘನಾಶಿನಿಗೆ ಅಣೆಕಟ್ಟಿಲ್ಲದಿರುವುದರಿಂದ ಘಟ್ಟದ ಮಣ್ಣೂ ಸಿಹಿನೀರೂ ತಡೆಯಿಲ್ಲದೆ ಅಳಿವೆಗೆ ಬರುತ್ತವೆ. ಈ ಸಮೃದ್ಧಿಗೆ ಅದೇ ಕಾರಣ. ತದಡಿಯಲ್ಲಿ ಬೃಹತ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಜನ ಅದನ್ನು ವಿರೋಧಿಸಿದ್ದು ಈ ಬದುಕಿನ ಹೆಸರಿನಲ್ಲಿ. ಆ ಪ್ರಸ್ತಾಪ ಮುಂದುವರಿಯಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು.

ಮೀನುಗಾರಿಕೆಯ ಚರಿತ್ರೆಯಲ್ಲಿ ರಂಪಣಿಯ ಪ್ರಕರಣ ಮುಖ್ಯವಾದುದು. ಬೇಲೆಯಿಂದ ಹೊರಟ ದೋಣಿ ಕಡಲನ್ನು ಅರ್ಧಚಂದ್ರಾಕಾರವಾಗಿ ಬಳಸಿ ಬಲೆ ಹಾಸಿ ಮರಳುತ್ತಿತ್ತು. ಅನಂತರ ಹಲವಾರು ಜನ ಎರಡೂ ತುದಿಗಳನ್ನು ಹಿಡಿದು ದಡಕ್ಕೆ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದುದರಿಂದ ಬಂಗುಡೆ, ತಾರ್ಲೆಯ ಹಿಂಡುಗಳು ದಡಕ್ಕೆ ಬರುವ ಮುನ್ನವೇ ಹಿಡಿಯಲ್ಪಟ್ಟವು, ರಂಪಣಿ ಕಳೆಗುಂದಿತು. ಹರಿಕಂತ್ರ, ಖಾರ್ವಿ, ಅಂಬಿಗ ಮೊದಲಾದ ಸಮುದಾಯಗಳ ಒಟ್ಟು ದುಡಿಮೆಯ ಅಂಗಳವಾಗಿದ್ದ ಬೇಲೆ ಹೀಗೆ ತೆರವಾಗುತ್ತ ಬಂದ ದಶಕಗಳಲ್ಲಿಯೇ ಅದು ಬೀಚಾಗತೊಡಗಿತೆಂಬುದನ್ನು ಕಾಲಾನುಕ್ರಮ ಸೂಚಿಸುತ್ತದೆ. ಒಂದಕ್ಕೆ ಇನ್ನೊಂದು ಕಾರಣವೆಂದು ಹೇಳುವುದು ಆತುರವಾದೀತು. ಆದರೆ ‘ಯಾರೂ ಮುಟ್ಟದ ನಿರ್ಜನ ತೀರ’ವೆಂದು ಕೈಪಿಡಿ ವರ್ಣಿಸುವ ನಿರ್ಜನತೆಗೂ ಒಂದು ಚರಿತ್ರೆಯಿದೆ.

5

ಇಷ್ಟು ವಿವರಗಳಿಗೆ ಧ್ವನಿ ದೊರೆತುದು ಆಧುನಿಕ ಕನ್ನಡ ಸಾಹಿತ್ಯದಲ್ಲಿ. ಗೋಕರ್ಣ ಮತ್ತು ಅದರ ಸುತ್ತಲಿನ ಕೆಲವೇ ಕಿಲೋಮೀಟರುಗಳ ನೆಲ ಕನ್ನಡಕ್ಕೆ ಕೊಟ್ಟ ಲೇಖಕರ ಸಾಲು ಅಸಾಧಾರಣವಾದುದು. ಗೌರೀಶ ಕಾಯ್ಕಿಣಿ (1912–2002) ಗೋಕರ್ಣದಲ್ಲಿಯೇ ಹುಟ್ಟಿ, ಅಲ್ಲಿಯ ಭದ್ರಕಾಳಿ ಪ್ರೌಢಶಾಲೆಯಲ್ಲಿ ಶಿಕ್ಷಕರಾಗಿದ್ದು, ಅಲ್ಲಿಂದಲೇ ಜಗತ್ತಿನ ಸಾಹಿತ್ಯ ವಿಚಾರಗಳನ್ನು ಕನ್ನಡಕ್ಕೆ ತಂದವರು. ಎಂ.ಎನ್. ರಾಯ್ ಅವರ ವೈಚಾರಿಕತೆಯಿಂದ ಪ್ರಭಾವಿತರಾದ ಮಾನವತಾವಾದಿಯೊಬ್ಬರು ತೀರ್ಥಕ್ಷೇತ್ರದ ನಡುವೆ ಕೂತು ಬರೆದರು, ಊರು ಅವರನ್ನು ತನ್ನವರೆಂದೇ ಗೌರವಿಸಿತು ಎಂಬ ಸಂಗತಿಯೊಂದೇ ಗೋಕರ್ಣದ ಬಗೆಗಿನ ಏಕಮುಖ ಚಿತ್ರಗಳನ್ನು ಕೆಡವಲು ಸಾಕು. ಊರಿನ ಸ್ಟಡಿ ಸರ್ಕಲ್ ಗ್ರಂಥಾಲಯದಂತಹ ಸಂಸ್ಥೆ ಬೆಳೆದುದೂ ಇದೇ ವಾತಾವರಣದಲ್ಲಿ. ವೇದಾಧ್ಯಯನದ ಪರಂಪರೆಯೂ ಆಧುನಿಕ ಓದಿನ ಹಸಿವೂ ಇಲ್ಲಿ ಅಕ್ಕಪಕ್ಕದ ಓಣಿಗಳಲ್ಲಿದ್ದವು. ಪ್ರವಾಸಿಗರಿಗೆ ತೋರಿಸುವ ಸ್ಥಳಗಳ ಪಟ್ಟಿಯಲ್ಲಿ ಒಂದು ಪುಸ್ತಕಾಲಯ ಸೇರಿದರೆ ತಪ್ಪೇನಿಲ್ಲ.

ಗೋಕರ್ಣದ ಸಮೀಪದ ಹನೇಹಳ್ಳಿಯಿಂದ ಬಂದವರು ಗಂಗಾಧರ ಚಿತ್ತಾಲ (1923–1987) ಮತ್ತು ಯಶವಂತ ಚಿತ್ತಾಲ (1928–2014) ಸಹೋದರರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿಯುತ್ತ ತಮ್ಮ ಕಥೆಗಳಲ್ಲಿ ಮತ್ತೆ ಮತ್ತೆ ಹನೇಹಳ್ಳಿಗೆ ಮರಳಿದರು. ‘ಶಿಕಾರಿ’ (1979) ಮುಂಬಯಿಯ ಕಂಪನಿಯೊಂದರ ಒಳಜಗಳದ ಕಾದಂಬರಿಯಾದರೂ ಅದರ ನಾಯಕನ ನೆನಪಿನ ಬೇರುಗಳು ಇರುವುದು ಈ ಕರಾವಳಿಯಲ್ಲಿ. 1955ರಲ್ಲಿ ಗೋಕರ್ಣದಲ್ಲಿ ಹುಟ್ಟಿದ ಜಯಂತ ಕಾಯ್ಕಿಣಿಯವರೂ ಮುಂಬಯಿಯಲ್ಲಿ ಜೀವರಸಾಯನದ ಕ್ಷೇತ್ರದಲ್ಲಿ ಕೆಲಸ ಮಾಡಿದವರು. ಅವರ ಕಥೆಗಳಲ್ಲಿ ಗೋಕರ್ಣದ ಓಣಿಯೂ ಮುಂಬಯಿಯ ಚಾಳೂ ಒಂದರೊಳಗೊಂದು ಸೇರಿಕೊಳ್ಳುತ್ತವೆ.

ಇಲ್ಲಿ ಸಂದರ್ಶಕನ ಮೂರನೆಯ ಮಾದರಿಯೊಂದು ರೂಪುಗೊಂಡಿದೆ. ಯಾತ್ರಿಕನೂ ಅಲ್ಲದ, ಪ್ರವಾಸಿಯೂ ಅಲ್ಲದ, ಊರಿಗೆ ಮರಳಿ ಬರುವವನು. ಯಾತ್ರಿಕ ಬರುವುದು ಪುಣ್ಯಕ್ಕೆ, ಪ್ರವಾಸಿ ಬರುವುದು ಬಿಡುವಿಗೆ; ಈತ ಬರುವುದು ಮುಗಿಯದ ಲೆಕ್ಕವೊಂದನ್ನು ಇತ್ಯರ್ಥಗೊಳಿಸಲು. ಮುಚ್ಚಿದ ಮನೆಯ ಬಾಗಿಲು, ಹಂಚಿಹೋದ ಹಿತ್ತಿಲು, ಸತ್ತವರ ಬಗ್ಗೆ ಯಾರೂ ಪೂರ್ತಿಯಾಗಿ ಹೇಳದ ಸಂಗತಿ ಇವೇ ಅವನು ನೋಡತಕ್ಕ ಸ್ಥಳಗಳು. ಚಿತ್ತಾಲರ ಕಥನದಲ್ಲಿ ಹನೇಹಳ್ಳಿಗೆ ಹೋಗುವ ಪಯಣವು ತೀರ್ಥಯಾತ್ರೆಯ ವಿನ್ಯಾಸವನ್ನೇ ಅನುಸರಿಸುತ್ತ, ಕೊನೆಗೆ ದೊರೆಯಬೇಕಾದ ಫಲವನ್ನು ಮಾತ್ರ ಅನಿಶ್ಚಿತವಾಗಿ ಬಿಡುತ್ತದೆ ಎಂಬ ನೆಲೆಯಿಂದ ಅವರ ಕೃತಿಗಳನ್ನು ಇನ್ನೂ ವಿವರವಾಗಿ ಓದಲು ಅವಕಾಶವಿದೆ. ಹನೇಹಳ್ಳಿಯ ಕುರಿತಾದ ವಿಮರ್ಶೆ ಬಹುಮಟ್ಟಿಗೆ ಅದನ್ನು ಮನಸ್ಸಿನ ರೂಪಕವಾಗಿ ಕಂಡಿದೆ. ಅದು ನಿಜವಾದ ನಕ್ಷೆಯ ಮೇಲೆ, ಒಂದು ಪುರಾತನ ಯಾತ್ರಾಸ್ಥಳಕ್ಕೆ ತೀರ ಹತ್ತಿರದಲ್ಲಿ ಇದೆಯೆಂಬ ಸರಳ ಸಂಗತಿಯ ಮಹತ್ವ ಚರ್ಚೆಗೆ ಬಂದುದು ಕಡಿಮೆ.

ಇದು ಶಬ್ದಕೋಶದ ಪ್ರಶ್ನೆಯೂ ಹೌದು. ಬೇಲೆ, ಗಜನಿ, ಆಗರ, ತಾರಿ, ಬೇಣ ಮೊದಲಾದ ಶಬ್ದಗಳು ಬರಹದ ಕನ್ನಡದಲ್ಲಿ ಉಳಿದಿರುವುದಕ್ಕೆ ಈ ಕಥೆಗಾರರು ಮುಖ್ಯ ಕಾರಣ. ಸ್ಥಳಪುರಾಣದ ಸಂಸ್ಕೃತಭೂಯಿಷ್ಠ ಭಾಷೆಯಲ್ಲಿ ಅವುಗಳಿಗೆ ಜಾಗವಿರಲಿಲ್ಲ. ಕೈಪಿಡಿಯ ಇಂಗ್ಲಿಷಿನಲ್ಲಿ ಅವುಗಳ ಅಗತ್ಯವಿಲ್ಲ. ಅಘನಾಶಿನಿಯ ದಂಡೆಯಲ್ಲಿರುವ ಮಿರ್ಜಾನ ಕೋಟೆಯ ಉದಾಹರಣೆಯನ್ನೂ ಇಲ್ಲಿ ತೆಗೆದುಕೊಳ್ಳಬಹುದು. ಗೋಕರ್ಣಕ್ಕೆ ಬಂದವರು ತಪ್ಪದೆ ನೋಡಿಹೋಗುವ ಈ ಕೋಟೆಯ ಹೆಸರಿನೊಡನೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ತಳುಕುಹಾಕಿಕೊಂಡಿದೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿಯೆಂದು ಕರೆದರೆಂಬ ಮಾತು ಎಲ್ಲ ಕೈಪಿಡಿಗಳಲ್ಲಿಯೂ ಇದೆ. ಆ ಮೆಣಸು ಘಟ್ಟದ ಮೇಲಿನಿಂದ ಯಾವ ದಾರಿಯಲ್ಲಿ ಇಳಿಯಿತು, ಯಾವ ದೋಣಿಯಲ್ಲಿ ಹೇರಲ್ಪಟ್ಟಿತು, ಹೊತ್ತವರು ಯಾರು ಎಂಬ ಪ್ರಶ್ನೆಗಳಿಗೆ ಕೋಟೆಯ ಗೋಡೆಗಳ ನಡುವೆ ನಿಂತು ಉತ್ತರ ಹುಡುಕಲಾಗದು. ಕೋಟೆಯ ಬುಡದಲ್ಲಿ ಹರಿಯುವ ಹೊಳೆಯ, ಅದರ ಅಳಿವೆಯ, ತದಡಿಯ ಧಕ್ಕೆಯ ನೆನಪುಗಳಲ್ಲಿ ಅದನ್ನು ಅರಸಬೇಕಾಗುತ್ತದೆ. ತದಡಿ, ಸಾಣಿಕಟ್ಟೆ, ಹನೇಹಳ್ಳಿಗಳ ಹಿರಿಯರ ಮಾತಿನಲ್ಲಿ ಕಡಲಿಗೂ ಗಾಳಿಗೂ ಬಲೆಗೂ ಸಂಬಂಧಿಸಿದ ಶಬ್ದಗಳು ಇನ್ನೂ ಬಳಕೆಯಲ್ಲಿವೆ. ಗೋಕರ್ಣದ ಸ್ಥಳನಾಮಗಳ ಕ್ಷೇತ್ರಕಾರ್ಯ ಓಂ ಬೀಚಿಗೆ ಆ ಹೆಸರು ಬರುವ ಮುನ್ನ ಅಲ್ಲಿ ದೋಣಿ ಎಳೆದಿಡುತ್ತಿದ್ದವರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬ ಪ್ರಶ್ನೆಯಿಂದ ಮೊದಲಾಗಬಹುದು.